ತುಟಿಯ ನಡುವೆ ಪಿನ್ನು ಹಿಡಿದ ಮುಖ

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ನಾಲ್ಕು ಗಂಟೆಯೂ ಬೇಡ. ನಮ್ಮ ಮನೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದಕ್ಕೆ ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ. ಹೋಗಿಬರುವ ಟಿಕೆಟ್ಟಿಗೆ ಇಪ್ಪತ್ತಾರು ಸಾವಿರ ಚಿಲ್ಲರೆ. ಭಾವನೇ ತೆಗೆದು ಕಳಿಸಿದ್ದರು. ಪುಕ್ಕಟೆ ಪ್ರವಾಸ ಎಂದು ಯಾರೂ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ, ನನಗೊಂದು ಕೆಲಸ ಒಪ್ಪಿಸಿದ್ದರು. ಹೋಗುವಾಗ ಒಬ್ಬಳೇ, ಬರುವಾಗ ಅಕ್ಕನ ಅತ್ತೆಯನ್ನು ಜೊತೆಯಲ್ಲಿ ಕರೆತಂದು ಉಡುಪಿಯಲ್ಲಿರುವ ಅವರ ಮಗಳ ಮನೆಗೆ ಮುಟ್ಟಿಸಬೇಕು. ಅವರ ವೀಸಾವನ್ನು ಇನ್ನು ಮುಂದುವರಿಸುವುದಿಲ್ಲ ಎಂದು ಅಕ್ಕ ಫೋನಿನಲ್ಲೇ ಹೇಳಿದ್ದಳು. "ನನ್ನಿಂದ ಆಗುದಿಲ್ಲ ವಿಜಿ. ಇನ್ನು ಒಂದು ತಿಂಗಳು ಅವರ ಜೊತೆ ಇದ್ದರೆ ನನಗೇ ಹುಚ್ಚು ಹಿಡೀತದೆ."

ಈ ಬರಹದಲ್ಲಿ ಬರುವ ಹೆಸರುಗಳು ಯಾವುವೂ ನಿಜವಲ್ಲ, ನನ್ನದೂ ಸೇರಿ. ಯಾಕೆಂದು ಓದುತ್ತಾ ಹೋದಂತೆ ತಿಳಿಯುತ್ತದೆ. ತಿಳಿದವರು ದಯವಿಟ್ಟು ಸುಮ್ಮನಿರಬೇಕು.

ನವೆಂಬರಿನ ಕೊನೆಯ ವಾರ. ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಹವೆ ನಮ್ಮ ಕುಂದಾಪುರದ ಡಿಸೆಂಬರ್ ಬೆಳಗಿನ ಹಾಗೆ ಹಿತವಾಗಿತ್ತು. ಅಕ್ಕನ ಮನೆ ಇರುವ ಮಿರ್ದಿಫ್‌ಗೆ ಕಾರಿನಲ್ಲಿ ಕಾಲು ಗಂಟೆ. ಮರಳು ಬಣ್ಣದ ಗೋಡೆಗಳು, ಗೋಡೆಯ ಮೇಲೆ ಬೋಗನ್‌ವಿಲ್ಲಾ, ನೆರಳಿದ್ದಲ್ಲೆಲ್ಲ ಮಲಗಿದ ಬೆಕ್ಕುಗಳು. ವಿಮಾನಗಳು ಮಾಳಿಗೆಯ ಮೇಲೆಯೇ ಹಾದುಹೋಗುವುದರಿಂದ ಮಾತಾಡುವವರು ನಡುವೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ಶಬ್ದದಿಂದ ಮುಂದುವರಿಸುತ್ತಾರೆ. ಅಕ್ಕನಿಗೆ ಅದು ರೂಢಿಯಾಗಿ ಹೋಗಿತ್ತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ ಸಣಕಲು ಜೀವ. ಎಡ ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ, ಮೂಗಿನಲ್ಲಿ ಹೊಳಪು ಕಳೆದುಕೊಂಡ ಬೇಸರಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕಾಲಿಗೆ ಬೀಳಲು ಬಗ್ಗಿದೆ. ಅವರು ಹಾವು ಕಂಡವರಂತೆ ಹಿಂದೆ ಸರಿದರು.

"ಮುಟ್ಟಬೇಡ! ಅಲ್ಲೇ ನಿಲ್ಲು. ನಾನು ಇನ್ನೂ ದೇವರಿಗೆ ದೀಪ ಇಟ್ಟಿಲ್ಲ."

ನನ್ನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ವಿಮಾನದಲ್ಲಿ ಬಂದವಳು, ಯಾರು ಯಾರು ಕೂತ ಸೀಟಿನಲ್ಲೋ ಕೂತವಳು, ನಾನು ಮೈಲಿಗೆ ಎಂದಲ್ಲವೇ ಅದರ ಅರ್ಥ? ಮುಖ ಬಿಸಿಯಾಯಿತು. ಅಕ್ಕ ನನ್ನನ್ನು ನೋಡಿ "ಕಂಡಿಯಾ?" ಎಂಬಂತೆ ಕಣ್ಣು ದೊಡ್ಡದು ಮಾಡಿದಳು.

ಸಂಜೆ ಅಡುಗೆಮನೆಯಲ್ಲಿ ಅಕ್ಕನ ಎದೆಯಲ್ಲಿದ್ದದ್ದೆಲ್ಲ ಹೊರಬಂತು. ವಾರದಲ್ಲಿ ಎರಡು ಮೂರು ದಿನ ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಪುನಃ ಹತ್ತೂವರೆಗೋ ಹನ್ನೊಂದಕ್ಕೋ ತಲೆಗೆ ಸುರಿದುಕೊಳ್ಳುತ್ತಾರೆ. ಸ್ನಾನ ಮಾಡಿ ದೇವರಿಗೆ ದೀಪ ಇಡುವತನಕ ಯಾರನ್ನೂ ಮುಟ್ಟುವುದಿಲ್ಲ, ನೀರಿನ ಲೋಟವನ್ನೂ ಅವರ ಕೈಗೆ ಕೊಡುವಂತಿಲ್ಲ. "ಅನನ್ಯಾಳ ಬರ್ತ್‌ಡೇ ದಿನ ಮಗು ಓಡಿ ಬಂದು ಅಪ್ಪಿಕೊಳ್ಳಲಿಕ್ಕೆ ಹೋಯ್ತು. ದೂರ ಹೋಗು ಅಂತ ಕಿರುಚಿದರು ಮಾರಾಯ್ತಿ. ನನ್ನ ಮಗಳು ಅವರಿಗೆ ಮೈಲಿಗೆಯಾ? ಊರಲ್ಲಿರುವಾಗ ಈ ಮಡಿ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ತಲೆಗೇರಿದ್ದು."

ಒಂಬತ್ತು ವರ್ಷದ ಅನನ್ಯಾ ಫ್ರಿಜ್ಜಿಗೆ ಒರಗಿ ನಿಂತು ಹೇಳಿದಳು: "ಚಿಕ್ಕೀ, ಅಜ್ಜಿ ಈಸ್ ಸೋ ವಿಯರ್ಡ್. ಶಿ ಓನ್ಲಿ ಲೈಕ್ಸ್ ನಸೀಮಾ ಆಂಟಿ."

ನಸೀಮಾ ಮೂರನೇ ಮನೆಯವರು, ಭಟ್ಕಳದ ಕಡೆಯ ವ್ಯಾಪಾರದ ಕುಟುಂಬ. ಬೆಳಿಗ್ಗೆ ಅವರ ಬಿಳಿ ಕಾರು ಗೇಟಿನ ಹೊರಗೆ ಎರಡು ಸಲ ಹಾರ್ನ್ ಹೊಡೆದರೆ ಅತ್ತೆ ಕೈಚೀಲ ಹಿಡಿದು ಹೊರಡುತ್ತಾರೆ, ಪಾರ್ಕಿನಲ್ಲಿ ವಾಕಿಂಗ್ ಎಂದು.

"ಆ ಚೀಲದಲ್ಲಿ ಎಂತ ಉಂಟು ಹೇಳು ನೋಡುವ," ಎಂದಳು ಅಕ್ಕ. "ಸೀರೆ! ನಾನು ತಂದುಕೊಟ್ಟ ಸೀರೆ ಒಂದೊಂದಾಗಿ ಮಾಯ. ನಸೀಮಾನ ಅಂಗಡಿಯ ಪಾರ್ಸಲಿನಲ್ಲಿ ಊರಿಗೆ, ಮಗಳಿಗೆ ಸಾಗಿಸ್ತಾರೆ. ಕೇಳಿದರೆ ನಾನು ಕೊಡುದಿಲ್ಲ ಅಂತೇನಾ? ಕದ್ದು ಯಾಕೆ?"

ನಾನು ಅತ್ತೆಗೆಂದು ಒಂದು ಉಡುಪಿ ಕೈಮಗ್ಗದ ಸೀರೆ ತಂದಿದ್ದೆ. ಅರಿಶಿನ ಬಣ್ಣದ ಮೈ, ಕೆಂಪು ಅಂಚು. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಚನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿದರು. "ಚೆಂದ ಉಂಟು" ಎನ್ನಲಿಲ್ಲ. "ಐದೂವರೆ ಮೀಟರು ಸರಿಯಾಗಿ ಉಂಟಾ? ಒದ್ದೆಯಾದರೆ ಬಣ್ಣ ಬಿಡ್ತದಾ?" ಎಂದು ಕೇಳಿದರು. ನನ್ನ ಪಾಲಿಗೆ ಅವರ ಬಗ್ಗೆ ಉಳಿದಿದ್ದ ಸ್ವಲ್ಪ ಅನುಕಂಪವೂ ಅಲ್ಲಿಗೆ ಖಲಾಸ್.

ಮೂರನೆಯ ದಿನ ಅಕ್ಕ ನನ್ನನ್ನು ಅಬುಧಾಬಿಗೆ ಹೊರಡಿಸಿದಳು. ಅಲ್ಲಿನ ಅಲ್ ರೀಮ್ ಐಲ್ಯಾಂಡಿನಲ್ಲಿ ಅವಳ ಗೆಳತಿ ಶೈಲಾಳಿಗೆ ಹೆರಿಗೆಯಾಗಿ ತಿಂಗಳಾಗಿತ್ತು. ಮಗುವನ್ನು ನೋಡಿದ ಹಾಗೂ ಆಯಿತು, ನನಗೆ ಊರು ತೋರಿಸಿದ ಹಾಗೂ ಆಯಿತು. ಮೆಟ್ರೋದಲ್ಲಿ ಹೆಂಗಸರ ಡಬ್ಬಿಯಲ್ಲಿ ಊರಿನ ಆ ತುದಿಯ ತನಕ ಹೋದೆವು. ಗಂಡಸೊಬ್ಬ ತಪ್ಪಿ ಗುಲಾಬಿ ಗೆರೆ ದಾಟಿ ಬಂದಾಗ ನಾಲ್ಕು ದೇಶದ ಹೆಂಗಸರು ಒಂದೇ ಸಲ ಗುರುಗುಟ್ಟಿದ್ದು ನೋಡಲು ಚೆಂದವಿತ್ತು. ಅಲ್ಲಿಂದ ಅಬುಧಾಬಿಗೆ ಬಸ್ಸು, ಇಪ್ಪತ್ತೈದು ದಿರ್ಹಮ್. ನೂರಮೂವತ್ತು ನೂರನಲವತ್ತು ಕಿಲೋಮೀಟರ್ ದಾರಿಯಲ್ಲಿ ಒಂದು ಗುಂಡಿ ಇಲ್ಲ. ಎರಡೂ ಕಡೆ ಮರಳು, ಹನಿ ನೀರು ಕುಡಿದು ಬದುಕುವ ಖರ್ಜೂರದ ಸಾಲು. ಅಕ್ಕ ಕಟ್ಟಿ ತಂದಿದ್ದ ನೀರುದೋಸೆಯನ್ನು ಬಸ್ಸಿನಲ್ಲಿ ತಿನ್ನಬಾರದಂತೆ. ಕದ್ದು ಒಂದು ತುಂಡು ಬಾಯಿಗೆ ಹಾಕಿಕೊಂಡಾಗ ನನ್ನ ಕಾನ್ವೆಂಟಿನ ಸಿಸ್ಟರ್ ಹಿಂದಿನ ಸೀಟಿನಲ್ಲೇ ಕೂತಿರುವಂತೆ ಅನಿಸಿತು.

ಶೈಲಾಳ ಮನೆ ಮೂವತ್ತೆರಡನೇ ಮಹಡಿ. ಕಿಟಕಿಯ ಹೊರಗೆ ಕೆಳಗೆ ಸಮುದ್ರ, ಆಟಿಕೆಗಳಂತಹ ದೋಣಿಗಳು. ನನಗೆ ತಲೆ ತಿರುಗಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮಗುವಿಗೆ ಎಣ್ಣೆ ಹಚ್ಚಲು ಕೂತಳು. ನಾನು ಕೆಳಗೆ ಹೋಗಿ ಸುತ್ತಾಡಿ ಬರುತ್ತೇನೆಂದು ಲಿಫ್ಟ್ ಹತ್ತಿದೆ.

ಕಟ್ಟಡದ ನೆಲ ಅಂತಸ್ತಿನಲ್ಲಿ ಒಂದು ದೊಡ್ಡ ಹಾಲ್. ಚಿತ್ರಗಳ ಪ್ರದರ್ಶನ, ಪ್ರವೇಶ ಉಚಿತ ಎಂದು ಬರೆದಿತ್ತು. ಒಳಗೆ ಐಸ್‌ಪೆಟ್ಟಿಗೆಯ ಹಾಗೆ ತಣ್ಣಗೆ. ಗೋಡೆಗಳ ಮೇಲೆ ಬರೇ ಮುಖಗಳು, ನಮ್ಮ ಬಾಗಿಲಿನಷ್ಟು ಎತ್ತರದ ಎಣ್ಣೆಬಣ್ಣದ ಮುಖಗಳು. ಒಬ್ಬ ಬಸ್ ಚಾಲಕ. ಬಿಳಿ ನಿಲುವಂಗಿಯ ಅರಬ್ ಮುದುಕ. ನರ್ಸಿನ ಟೋಪಿಯ ಹುಡುಗಿ. ಯಾರೂ ನೋಡುವವರ ಕಡೆ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಕೈಯಲ್ಲಿದ್ದ ಕೆಲಸದ ಮೇಲೆ. ಕೆಳಗೆ ಹೆಸರಿಲ್ಲ. ದಾಟುತ್ತಾ ಮೂಲೆಗೆ ಬಂದೆ.

ಅಲ್ಲಿ ಅತ್ತೆ ಇದ್ದರು.

ಹೋಲುವ ಮುಖವಲ್ಲ, ಅವರದೇ. ಹುಬ್ಬಿನ ಮೇಲಿನ ಗಾಯದ ಗೆರೆ, ಮಂಕಾದ ಬೇಸರಿ, ಕಿವಿಯ ಹಿಂದೆ ನಿಲ್ಲದ ಆ ಒಂದು ಬಿಳಿ ಎಳೆ. ತಲೆ ಬಗ್ಗಿಸಿ ಕೆಳಗೆ ಏನನ್ನೋ ನೋಡುತ್ತಿದ್ದರು. ಎರಡು ತುಟಿಗಳ ನಡುವೆ ಒಂದು ಸೇಫ್ಟಿ ಪಿನ್ನು ಅಡ್ಡ ಹಿಡಿದಿದ್ದರು, ನಾವು ಮದುಮಗಳಿಗೆ ಸೀರೆ ಉಡಿಸುವಾಗ ಹಿಡಿಯುವ ಹಾಗೆ. ಬಂದ ದಿನದಿಂದ ಬೈಗುಳವಲ್ಲದೆ ಬೇರೇನೂ ಆಡದ ಆ ಬಾಯಿ ಪಿನ್ನಿನಿಂದ ಮುಚ್ಚಿತ್ತು. ಕಣ್ಣಿನಲ್ಲಿದ್ದ ಪ್ರೀತಿಯನ್ನು ನಾನು ಆ ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಗೋಡೆಗೆ ಕೈ ಕೊಡಬಾರದಲ್ಲ ಎಂದು ನೆಲದಲ್ಲೇ ಕೂತುಬಿಟ್ಟೆ.

ಒಬ್ಬ ಬೆಳ್ಳಿಗೂದಲಿನ ಹೆಂಗಸು ನೀರಿನ ಬಾಟಲಿ ಹಿಡಿದು ಬಂದರು. ಅವರೇ ಚಿತ್ರಕಾರ್ತಿ, ರೇಚಲ್. ಅಲಿಬಾಗಿನ ಕಡೆಯ ಯಹೂದಿ ಮನೆತನ. ಮರಾಠಿ ಎಳೆಯುವ ಹಿಂದಿಯಲ್ಲಿ ಕೇಳಿದರು: "ಇವರನ್ನು ನಿಮಗೆ ಗೊತ್ತಾ?"

"ಇವರು ನಮ್ಮ..."

"ಹೆಸರು ಬೇಡ!" ಅವರು ನನ್ನ ಬಾಯಿಗೇ ಕೈ ಅಡ್ಡ ತಂದರು. "ಬೇಡ ತಾಯಿ. ಹೇಳಿದರೆ ಈ ಚಿತ್ರ ಇಳಿಸಬೇಕಾಗ್ತದೆ."

ಪಕ್ಕದಲ್ಲಿ ಕೂತು ಅವರು ತಮ್ಮ ಅಜ್ಜಿ ಹೇಳುತ್ತಿದ್ದ ಕಥೆ ಹೇಳಿದರು. ಯಾವ ಕಾಲದಲ್ಲೂ ಲೋಕದಲ್ಲಿ ಮೂವತ್ತಾರು ಮಂದಿ ಸಜ್ಜನರು ಇದ್ದೇ ಇರುತ್ತಾರೆ. ಅವರಿಗಾಗಿ ದೇವರು ಈ ಲೋಕವನ್ನು ಉಳಿಸಿಕೊಂಡಿದ್ದಾನೆ. ಅವರು ಯಾರೆಂದು ಯಾರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ತಾನು ಅವರಲ್ಲೊಬ್ಬ ಎಂದುಕೊಂಡವನು ಅವರಲ್ಲೊಬ್ಬ ಅಲ್ಲ. ಒಬ್ಬರು ಜಾಗ ಬಿಟ್ಟರೆ ಇನ್ನೊಬ್ಬರು ಬಂದು ತುಂಬುತ್ತಾರೆ. ನನಗೆ ಶಾಲೆಯಲ್ಲಿ ಸಿಸ್ಟರ್ ಹೇಳಿದ, ಹತ್ತು ಮಂದಿ ಒಳ್ಳೆಯವರು ಸಿಕ್ಕಿದರೆ ಊರನ್ನು ಸುಡುವುದಿಲ್ಲ ಎಂದ ದೇವರ ಕಥೆ ನೆನಪಾಯಿತು. ಆ ಊರಿನಲ್ಲಿ ಹತ್ತು ಮಂದಿಯೂ ಸಿಕ್ಕಿರಲಿಲ್ಲ.

"ಅದಕ್ಕೇ ನಾನು ಯಾರನ್ನೂ ಎದುರು ಕೂರಿಸಿ ಬರೆಯುವುದಿಲ್ಲ," ಎಂದರು ರೇಚಲ್. "ಕೂತರೆ ಮುಖ ಬದಲಾಗ್ತದೆ. ಒಮ್ಮೆ ನೋಡ್ತೇನೆ, ಮನೆಗೆ ಹೋಗಿ ನೆನಪಿನಿಂದ ಬರೀತೇನೆ. ಇವರೇ ಆ ಮೂವತ್ತಾರು ಅಂತ ಹೇಳಲಿಕ್ಕೆ ನಾನು ಯಾರು? ಇರಬಹುದು, ಅಷ್ಟೇ."

"ಇವರನ್ನು ಎಲ್ಲಿ ನೋಡಿದಿರಿ?"

ಅವರು ತಡೆದು ಹೇಳಿದರು. ಅವರ ಮನೆಕೆಲಸದ ಕಡಪಾ ಕಡೆಯ ಹೆಂಗಸು ದುಬೈಯಲ್ಲಿ ತೀರಿಕೊಂಡಳು. ದೇಹವನ್ನು ಊರಿಗೆ ಕಳಿಸುವ ಮೊದಲು ಸಿದ್ಧಪಡಿಸುವ ಕಡೆ ಹೋದಾಗ, ಬಿಳಿ ಬಟ್ಟೆ ಸುತ್ತಿ ಪೆಟ್ಟಿಗೆ ಮುಚ್ಚುವುದರಲ್ಲಿದ್ದರು. ಎಲ್ಲಿಂದಲೋ ಒಬ್ಬ ಮುದುಕಿ ಬಂದು, ಚೀಲದಿಂದ ಒಂದು ಸೀರೆ ತೆಗೆದು, ಅವಳಿಗೆ ಉಡಿಸಿತು. ಸೀರೆ ಉಟ್ಟು ಊರು ಬಿಟ್ಟವಳು ಸೀರೆ ಉಟ್ಟೇ ಊರು ಸೇರಲಿ ಎಂದು ಮುರುಕು ಹಿಂದಿಯಲ್ಲಿ ಹೇಳಿ ಹೋಯಿತು.

ವಾರದಲ್ಲಿ ಎರಡು ಮೂರು ದಿನ. ಹತ್ತೂವರೆಯ ಸ್ನಾನ. ಮಾಯವಾದ ಸೀರೆಗಳು. ಮುಟ್ಟಬೇಡ. ನಮ್ಮ ಕಡೆ ಹೆಣ ಮುಟ್ಟಿದವರು ಮಿಂದು ದೇವರಿಗೆ ದೀಪ ಇಡುವ ತನಕ ಯಾರನ್ನೂ ಮುಟ್ಟುವುದಿಲ್ಲ. ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಮೈಲಿಗೆ ನಮ್ಮಲ್ಲಿದೆ ಎಂದು ಅವರು ದೂರ ಸರಿಯುತ್ತಾರೆಂದು ತಿಳಿದಿದ್ದೆವು. ಅವರು ತಮ್ಮ ಮೈಲಿಗೆಯಿಂದ ನಮ್ಮನ್ನು ದೂರ ಇಡುತ್ತಿದ್ದರು.

ಫೋಟೋ ತೆಗೆಯಲು ಕೇಳಿದೆ. ರೇಚಲ್ ಬೇಡವೆಂದು ತಲೆ ಅಲ್ಲಾಡಿಸಿದರು.

ಹಿಂತಿರುಗುವ ಬಸ್ಸಿನಲ್ಲಿ ಅಕ್ಕ ನನ್ನ ಕೆನ್ನೆ ಮುಟ್ಟಿ ನೋಡಿದಳು. "ಎಂತಾಯ್ತು? ಮುಖ ಬಿಳಿಚಿಕೊಂಡಿದೆ."

"ಎಸಿ," ಎಂದೆ. ಹೇಳಿಬಿಡಬೇಕು ಎಂದು ನಾಲಿಗೆ ತುರಿಸುತ್ತಿತ್ತು. ಹೇಳಿದರೆ ಟಿಕೆಟ್ಟು ರದ್ದಾಗುತ್ತದೆ, ಅತ್ತೆ ಉಳಿಯುತ್ತಾರೆ. ಆದರೆ ಅವರನ್ನು ಕೇಳದೆ ಹೇಗೆ ಹೇಳಲಿ?

ಮರುದಿನ ಅಕ್ಕ ಅನನ್ಯಾಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಲು ಹೋದ ಹೊತ್ತಿನಲ್ಲಿ ಅತ್ತೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಕ್ಲಿಪ್ಪುಗಳನ್ನು ಕೊಡುತ್ತಾ ಮೆಲ್ಲಗೆ ಹೇಳಿದೆ: "ಅತ್ತೇ, ನೀವು ನಸೀಮಾರ ಜೊತೆ ಎಲ್ಲಿಗೆ ಹೋಗ್ತೀರಿ ಅಂತ ನನಗೆ ಗೊತ್ತಾಯ್ತು." ಚಿತ್ರದ ವಿಷಯ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಅವರು ಒದ್ದೆ ಟವೆಲನ್ನು ಫಟ್ಟೆಂದು ಒದರಿದರು. "ಯಾರು ಬಾಯಿ ಬಿಟ್ಟದ್ದು? ಆ ನಸೀಮಾನಾ? ಅವಳ ನಾಲಿಗೆ ಸುಡಲಿಕ್ಕೆ!"

"ಅವರಲ್ಲ. ಅಕ್ಕನಿಗೆ ಹೇಳುವ ಅತ್ತೆ. ನಿಮ್ಮನ್ನು ಕಳಿಸುವುದಿಲ್ಲ ಮತ್ತೆ. ಅವಳು ತಪ್ಪು ತಿಳಿದಿದ್ದಾಳೆ."

"ತಿಳಿಯಲಿ."

"ಮೈಲಿಗೆ ಅಂತ ಅಡುಗೆಮನೆಗೆ ಸೇರಿಸುದಿಲ್ಲ ಅಂತ ಹೆದರಿಕೆಯಾ?"

"ಹೋಗೇ! ಸೇರಿಸದಿದ್ದರೆ ಒಳ್ಳೆದಾಯ್ತು, ಕೂತು ತಿನ್ನಬಹುದು." ಆಮೇಲೆ ದನಿ ಇಳಿಸಿದರು. "ನಿನ್ನಕ್ಕ ಸುಮಾ ಒಳ್ಳೆಯವಳು. ಅದೇ ಕಷ್ಟ. ಗೊತ್ತಾದರೆ ಹೊಗಳ್ತಾಳೆ. ಅತ್ತೆ ಹೀಗೆ ಮಾಡ್ತಾರೆ ಅಂತ ವಾಟ್ಸಾಪಿನಲ್ಲಿ ಹಾಕ್ತಾಳೆ, ಸಂಘದವರು ಶಾಲು ಹಿಡಿದುಕೊಂಡು ಬರ್ತಾರೆ. ಆ ಹುಡುಗಿಯರ ಫೋಟೋ ಎಲ್ಲರ ಮೊಬೈಲಲ್ಲಿ ತಿರುಗ್ತದೆ. ಸತ್ತವರಿಗೆ ಮಾನ ಇಲ್ಲವಾ?"

ವಿಮಾನವೊಂದು ಮೇಲೆ ಹಾದುಹೋಯಿತು. ಅದು ದಾಟಿದ ಮೇಲೆ ಅತ್ತೆ ಹೇಳಿದರು: "ನಾಳೆ ಒಬ್ಬಳು ಇದ್ದಾಳೆ. ಹಾವೇರಿ ಕಡೆಯವಳಂತೆ. ನನಗೆ ಅದು ಕೊನೆ. ಬರುವುದಾದರೆ ಬಾ, ಬಾಯಿ ಮುಚ್ಚಿಕೊಂಡು ಬಾ."

ಮರುದಿನ ಬೆಳಿಗ್ಗೆ ಹಾರ್ನ್ ಎರಡು ಸಲ ಕೇಳಿತು. ನಾವಿಬ್ಬರೂ 'ಪಾರ್ಕಿಗೆ' ಹೊರಟೆವು. ಕಾರಿನಲ್ಲಿ ನಸೀಮಾ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಮ್ಮನ ಶಿಷ್ಯೆಯಾ?" ಎಂದು ನಕ್ಕರು. ಊರ ಕಡೆಯವರು ಯಾರೇ ತೀರಿಕೊಂಡರೂ ಕಾಗದಪತ್ರಕ್ಕೆ ಓಡಾಡುವವರು ಅವರ ಗಂಡ. ಒಮ್ಮೆ ಒಬ್ಬ ಹೆಂಗಸಿನ ವಿಷಯ ಗೇಟಿನ ಹತ್ತಿರ ಹೇಳುತ್ತಿದ್ದಾಗ ಅತ್ತೆ ಒಳಗೆ ಹೋಗಿ ಸೀರೆ ತಂದು, "ನನ್ನನ್ನು ಕರ್ಕೊಂಡು ಹೋಗು" ಎಂದರಂತೆ. "ನಮ್ಮಲ್ಲಿ ತೀರಿಕೊಂಡ ಹೆಂಗಸರ ಮೈಯತ್ತಿಗೆ ಹೆಂಗಸರೇ ಸ್ನಾನ ಮಾಡಿಸ್ತೇವಲ್ಲ, ನನಗೆ ಹೆದರಿಕೆ ಇಲ್ಲ. ಆದರೆ ನನಗೆ ಸೀರೆ ಉಡಿಸಲಿಕ್ಕೆ ಎಲ್ಲಿ ಬರ್ತದೆ!"

ತಣ್ಣನೆಯ ಬಿಳಿ ಕೋಣೆ. ಔಷಧಿಯ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗಿತು. ಹುಡುಗಿಗೆ ಇಪ್ಪತ್ತೈದು ಇರಬಹುದು. ಕಾಲಿನ ಉಗುರಿಗೆ ಹಚ್ಚಿದ ಬಣ್ಣ ಅರ್ಧ ಹೋಗಿತ್ತು. ಅತ್ತೆ ಚೀಲದಿಂದ ಸೀರೆ ತೆಗೆದರು. ಅರಿಶಿನ ಬಣ್ಣ, ಕೆಂಪು ಅಂಚು.

ನಾನು ತಂದ ಸೀರೆ. ಒಂದು ಸಲವೂ ಉಟ್ಟಿರಲಿಲ್ಲ.

ಮಲಗಿದವರಿಗೆ ಉಡಿಸುವ ಕ್ರಮವೇ ಬೇರೆ. ಅತ್ತೆ ಮೊದಲು ತಮ್ಮ ಸೊಂಟಕ್ಕೆ ಅಳತೆ ಹಿಡಿದು ನೆರಿಗೆ ಮಡಚಿ, ಪಿನ್ನು ಹಾಕಿ ಇಟ್ಟುಕೊಂಡರು. ಆಮೇಲೆ ಬಟ್ಟೆಯನ್ನು ಬೆನ್ನಿನ ಕೆಳಗೆ ಮೆಲ್ಲಗೆ ಜಾರಿಸಿದರು. ಉದ್ದಕ್ಕೂ ಬಾಯಿ ನಿಲ್ಲಲಿಲ್ಲ. "ಎಂತ ಮಗಾ ಇಷ್ಟು ತೆಳ್ಳಗೆ? ಊಟ ಮಾಡ್ಲಿಲ್ವಾ ಸರಿಯಾಗಿ? ಕೈ ಸಡಿಲ ಬಿಡು. ಹಟ ಮಾಡಬೇಡ. ಅಮ್ಮ ನೋಡುವಾಗ ಚೆಂದ ಕಾಣಬೇಕಲ್ಲ?" ಮನೆಯಲ್ಲಿ ನಮ್ಮನ್ನೆಲ್ಲ ಬೈಯುವ ಅದೇ ದನಿ. ಒಂದು ಶ್ರುತಿಯೂ ಬೇರೆಯಿರಲಿಲ್ಲ. ಹಾಗಾದರೆ ಮನೆಯಲ್ಲಿ ನಮಗೆ ಸಿಕ್ಕಿದ್ದೂ ಇದೇ ಆಗಿತ್ತು.

"ಎಂತ ಕಂಬದ ಹಾಗೆ ನಿಂತದ್ದು? ನೆರಿಗೆ ಹಿಡಿ."

ನಾನು ಹುಡುಗಿಯ ಪಾದದ ಬಳಿ ಬಗ್ಗಿ, ನೆರಿಗೆಯ ಕೆಳತುದಿ ಹಿಡಿದು ಎಳೆದು ಸಾಪು ಮಾಡಿದೆ. ಅಕ್ಕನ ಮದುವೆಯಲ್ಲಿ ಹೀಗೆಯೇ ಹಿಡಿದಿದ್ದೆ. ಅತ್ತೆ ಸೆರಗನ್ನು ಹೆಗಲಿಗೆ ತಂದರು. ಕೊನೆಯ ಪಿನ್ನನ್ನು ತುಟಿಯ ನಡುವೆ ಇಟ್ಟುಕೊಂಡು ಮಡಿಕೆ ಸರಿಪಡಿಸಿದರು. ಅವರ ಬಾಯಿ ಮುಚ್ಚಿತು. ತಲೆ ಎತ್ತಿ ನೋಡಿದರೆ ಅಬುಧಾಬಿಯ ಗೋಡೆಯ ಮೇಲಿದ್ದ ಮುಖ ನನ್ನೆದುರು ಉಸಿರಾಡುತ್ತಿತ್ತು.

ಮನೆಗೆ ಬಂದ ಕೂಡಲೇ ಅವರು ಕೆಳಗಿನ ಬಚ್ಚಲಿಗೆ, ನಾನು ಮೇಲಿನದಕ್ಕೆ. ತಲೆಗೂದಲಿನಿಂದ ನೀರಿಳಿಸಿಕೊಂಡು ನಾನು ಕೆಳಗೆ ಬಂದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನಿನಗೂ ಹಿಡೀತಾ ಅತ್ತೆಯ ಹುಚ್ಚು? ನಾಲ್ಕು ದಿನದಲ್ಲಿ!" ಅತ್ತೆ ಒಳಗಿನಿಂದ "ಕಾಫಿಗೆ ಹಾಲು ಉಕ್ಕಿ ಹೋಗ್ತಾ ಉಂಟು, ನೋಡುವವರು ಯಾರೂ ಇಲ್ಲವಾ ಈ ಮನೆಯಲ್ಲಿ?" ಎಂದು ಕೂಗಿದರು. ನಾನು ನಗುವೋ ಅಳುವೋ ತಿಳಿಯದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ.

ಹೊರಡುವ ದಿನ ಪೆಟ್ಟಿಗೆಗಳನ್ನು ಭಾವ ತಕ್ಕಡಿಗೆ ಕೊಕ್ಕೆ ಹಾಕಿ ಎತ್ತಿ ನೋಡುತ್ತಿದ್ದರು. ನನ್ನದು ಖರ್ಜೂರ, ಬಾದಾಮಿ, ಹಾಲಿನ ಪುಡಿಯಿಂದ ಸಿಡಿಯುವಂತಿತ್ತು. ಅತ್ತೆಯದನ್ನು ಎತ್ತಿದರು, ಒಂದೇ ಕೈಯಲ್ಲಿ ಎದೆಯ ಮಟ್ಟಕ್ಕೆ ಬಂತು. "ಇದೆಂತ? ಖಾಲಿ ಉಂಟಾ?"

ಅಕ್ಕ ಮುಚ್ಚಳ ತೆರೆದಳು. ಎರಡು ಮಾಸಿದ ಸೀರೆ, ಒಂದು ಶಾಲು, ದೇವರ ಪಟ, ಮಾತ್ರೆಗಳು. ಅಷ್ಟೆ. ಹತ್ತು ವರ್ಷ ಆ ಮನೆಯಲ್ಲಿದ್ದ ಹೆಂಗಸಿನ ಪೆಟ್ಟಿಗೆ. ಅಕ್ಕ ಅಲ್ಲೇ ಉಡುಪಿಗೆ ಫೋನ್ ಮಾಡಿ ನಾದಿನಿಯನ್ನು ಕೇಳಿದಳು. ಸೀರೆಯಾ? ಅಮ್ಮ ಕಳಿಸಿದ್ದಾ? ಒಂದು ಕರವಸ್ತ್ರವೂ ಬರಲಿಲ್ಲ ಅತ್ತಿಗೆ, ಎಂದಿತು ಆ ಕಡೆಯ ದನಿ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

ಅಕ್ಕ ಫೋನ್ ಇಟ್ಟಳು. ಅತ್ತೆಯನ್ನು ನೋಡಿದಳು. ಅತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದರು. ನನ್ನ ಕಡೆ ತಿರುಗಿದಳು. "ವಿಜಿ, ನಿನಗೆ ಗೊತ್ತುಂಟು. ಮೊನ್ನೆಯಿಂದ ನಿನ್ನ ಮುಖ ಸರಿ ಇಲ್ಲ. ಎಲ್ಲಿ ಹೋಯ್ತು ಸೀರೆಗಳು?"

ಚಿಕ್ಕಂದಿನಿಂದ ಅಕ್ಕನಿಗೆ ನಾನು ಏನನ್ನೂ ಮುಚ್ಚಿಟ್ಟವಳಲ್ಲ. ನಾನು ನೆಲ ನೋಡಿದೆ. ಅವಳಿಗೆ ತುಂಬ ನೋವಾಯಿತು. ವಿಮಾನ ನಿಲ್ದಾಣದಲ್ಲಿ ನನ್ನನ್ನು ಅಪ್ಪಿಕೊಳ್ಳಲಿಲ್ಲ. ಅತ್ತೆ ಮಾತ್ರ, ಅವತ್ತು ಬೆಳಗಿನ ಒಂದೇ ಸ್ನಾನದವರು, ಅನನ್ಯಾಳನ್ನು ಎಳೆದುಕೊಂಡು ಎದೆಗೆ ಒತ್ತಿ ಹಿಡಿದರು. ಹುಡುಗಿ ಗಾಬರಿಯಿಂದ ಕೈ ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಅಜ್ಜಿಯ ಬೆನ್ನಿನ ಮೇಲಿಟ್ಟಳು. ಹಿಂತಿರುಗಿ ನೋಡಿದಾಗ ಗಾಜಿನ ಆಚೆ ಅಕ್ಕ ನಮ್ಮನ್ನಲ್ಲ, ಕೈಯಲ್ಲಿದ್ದ ಮೊಬೈಲನ್ನು ನೋಡುತ್ತಿದ್ದಳು. ಯಾರ ನಂಬರನ್ನೋ ಹುಡುಕುತ್ತಿರುವಂತೆ ಕಂಡಿತು.

ಊರಿಗೆ ಬಂದ ಮೇಲೆ ಅಕ್ಕ ಹಲವು ವಾರ ಫೋನ್ ಮಾಡಲಿಲ್ಲ. ಜನವರಿಯಲ್ಲಿ ಒಂದು ದಿನ ಅತ್ತೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ವೀಡಿಯೋ ಕರೆ ಬಂತು. ಅಲ್ಲಿ ಆಗ ಬೆಳಿಗ್ಗೆ ಹನ್ನೊಂದು. ಅಕ್ಕ ಹಿತ್ತಿಲಲ್ಲಿ ನಿಂತಿದ್ದಳು, ಸ್ವೆಟರ್ ಹಾಕಿಕೊಂಡಿದ್ದಳು. ಕೂದಲಿನ ತುದಿಯಿಂದ ನೀರು ತೊಟ್ಟಿಕ್ಕಿ ಸ್ವೆಟರಿನ ಹೆಗಲು ಒದ್ದೆಯಾಗಿತ್ತು.

"ಎಂತಕ್ಕಾ, ಈ ಹೊತ್ತಿನಲ್ಲಿ ತಲೆಗೆ ಸ್ನಾನ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ಸೆಕೆ ಮಾರಾಯ್ತಿ," ಎಂದಳು ಅಕ್ಕ.

ಅತ್ತೆ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು.

"ತಲೆ ಸರಿಯಾಗಿ ಒರಸಿಕೊಳ್ಳೇ ಸುಮಾ," ಎಂದು ಬೈದರು. "ಶೀತ ಆಗ್ತದೆ."